ಕಾಲರಿನ ಕೆಳಗಿನ ಕೆಂಪು ದಾರ

ಚುಕ್ತಾ ಸಾಹೇಬರಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ, ಗೋದಾಮಿನ ಎದುರಿನ ಚಹಾದಂಗಡಿಯವನು ಇಟ್ಟದ್ದು. ಬೇರೆಯವರು ಚಹಾ ಕುಡಿದು, ಬಾಯಿ ಒರೆಸಿಕೊಂಡು, ನಾಲ್ಕು ಮಾತಾಡಿ, ಆಮೇಲೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಇವರು ಹಾಗಲ್ಲ. ಲೋಟ ಮೇಜಿನ ಮೇಲೆ ಬರುವ ಮೊದಲೇ ಇವರ ನಾಣ್ಯ ಅಲ್ಲಿರುತ್ತಿತ್ತು. ಅದನ್ನು ಒಂದೇ ಬೆರಳಿನಿಂದ ಮುಂದಕ್ಕೆ ತಳ್ಳಿ, ಗಂಟಲು ಸರಿಮಾಡಿಕೊಂಡು, "ಚುಕ್ತಾ" ಎನ್ನುತ್ತಿದ್ದರು. ಆಮೇಲೆಯೇ ಮೊದಲ ಗುಟುಕು. ಒಮ್ಮೆ ಚಹಾದಲ್ಲಿ ನೊಣ ಬಿದ್ದಿತ್ತು. ದುಡ್ಡು ಕೊಟ್ಟಾಗಿದೆಯಲ್ಲ ಎಂದು ನೊಣವನ್ನು ಮಾತ್ರ ಬಿಟ್ಟು ಮಿಕ್ಕದ್ದನ್ನು ಕುಡಿದರು.

ಕೆಲಸ ಸರಕು ಗೋದಾಮಿನ ಗೇಟಿನಲ್ಲಿ, ಲಾರಿ ತೂಗುವ ಗುಮಾಸ್ತರದ್ದು. ಇಪ್ಪತ್ತಾರು ವರ್ಷ ಅದೇ ಕಿಟಕಿ, ಅದೇ ಕುರ್ಚಿ. ಲಾರಿ ತೂಕದ ಕಟ್ಟೆ ಹತ್ತಿದ ಕೂಡಲೇ ಅದರ ಟೈರು ಎಷ್ಟು ತಗ್ಗಿತು ಎಂದು ನೋಡಿ ತೂಕ ಹೇಳಿಬಿಡುತ್ತಿದ್ದರು. ಮುಳ್ಳು ಆಮೇಲೆ ನಿಧಾನವಾಗಿ ಬಂದು ಒಪ್ಪಿಕೊಳ್ಳುತ್ತಿತ್ತು. ಮನೆಗೆ ಬಂದ ನೆಂಟರನ್ನೂ ಬಾಗಿಲಲ್ಲೇ ಕಣ್ಣಿನಲ್ಲಿ ತೂಗಿ, "ಹೋದ ಸಲಕ್ಕಿಂತ ಮೂರು ಕಿಲೋ ಹೆಚ್ಚಾಗಿದೀರಿ" ಎಂದು ಕುಶಲ ವಿಚಾರಿಸುವ ಅಭ್ಯಾಸ ಇದ್ದುದರಿಂದ ಮನೆಗೆ ನೆಂಟರು ಬರುವುದು ಕಡಿಮೆ.

ಕಡಿಮೆ ಎಂದರೂ ಒಬ್ಬ ಮಾತ್ರ ತಪ್ಪದೆ ಬರುತ್ತಿದ್ದ, ಹೆಂಡತಿಯ ತಮ್ಮ. ಮೋಟಾರು ಮೆಕ್ಯಾನಿಕ್. ಅವನೂ ಬರುವುದನ್ನು ನಿಲ್ಲಿಸಿ ಮೂರು ವರ್ಷವಾಗಿತ್ತು. ಸ್ವಂತ ಗ್ಯಾರೇಜು ಹಾಕಲು ಭಾವನಿಂದ ಆರು ಸಾವಿರ ತೆಗೆದುಕೊಂಡಿದ್ದ. ನಾಲ್ಕು ಸಾವಿರ ವಾಪಸು ಬಂತು. ಅಷ್ಟರಲ್ಲಿ ಗ್ಯಾರೇಜು ಮುಚ್ಚಿತು, ಉಳಿದ ಎರಡು ಸಾವಿರ ಅದರೊಳಗೇ ಉಳಿಯಿತು. ಚುಕ್ತಾ ಸಾಹೇಬರು ಬಯ್ಯಲಿಲ್ಲ, ಕೂಗಾಡಲಿಲ್ಲ. ತಿಂಗಳಿಗೊಂದು ಅಂಚೆ ಕಾರ್ಡು ಬರೆದರು. "ನೂರಕ್ಕೆ ತಿಂಗಳಿಗೆ ಒಂದು, ಬಡ್ಡಿಗೂ ಬಡ್ಡಿ. ಇಂದಿನ ಬಾಕಿ ಇಷ್ಟು. ಇಲ್ಲಿ ಎಲ್ಲರೂ ಕ್ಷೇಮ." ಕಾರ್ಡು ಎಂದ ಮೇಲೆ ಅಂಚೆಯವನು ಓದಿದ, ಅಂಗಡಿಯವನು ಓದಿದ, ಕೊನೆಗೆ ಅವನ ಬಾಡಿಗೆ ಮನೆಯ ಮಾಲೀಕ ಓದಿ ಆರು ತಿಂಗಳ ಬಾಡಿಗೆ ಮುಂಗಡ ಕೇಳಿದ. ಅವತ್ತಿನಿಂದ ಆ ಮನುಷ್ಯ ಅಕ್ಕನ ಬೀದಿಯ ಕಡೆ ತಲೆ ಹಾಕಿರಲಿಲ್ಲ.

ಗುರುವಾರ ಬೆಳಿಗ್ಗೆ ಹೆಂಡತಿ ಒಲೆಯ ಮುಂದೆ ನಿಂತು, ತಿರುಗಿ ನೋಡದೆ ಹೇಳಿದಳು, "ಅವನಿಗೆ ಬಂದರಿನಲ್ಲಿ ಕೆಲಸ ಸಿಕ್ಕಿದೆಯಂತೆ. ಹಡಗಿನ ಎಂಜಿನ್ ರಿಪೇರಿ. ಸೋಮವಾರ ಬೆಳಿಗ್ಗೆ ರೈಲು, ಸಂಸಾರ ಸಮೇತ. ಇನ್ನು ಮೂರು ವರ್ಷ ಈ ಕಡೆ ಬರೋದಿಲ್ಲ. ಭಾನುವಾರ ಊಟಕ್ಕೆ ಕರೀಲಾ?"

"ಧಾರಾಳವಾಗಿ ಕರಿ" ಎಂದರು ಚುಕ್ತಾ ಸಾಹೇಬರು. "ಬರುವಾಗ ಎರಡು ಸಾವಿರದ ಎಂಟುನೂರ ಅರವತ್ತೊಂದೂವರೆ ತರಲಿ."

ಹೆಂಡತಿ ಪಾತ್ರೆಯ ಮೇಲೆ ಮುಚ್ಚಳ ಹಾಕಿದಳು. ಸಾಮಾನ್ಯವಾಗಿ ಮುಚ್ಚಳ ಹಾಕುವುದಕ್ಕೆ ಅಷ್ಟು ಸದ್ದು ಬೇಕಾಗಿಲ್ಲ. ಸಾಹೇಬರಿಗೂ ಒಳಗೊಳಗೇ ಚುರುಕ್ ಎಂದಿತು, ಯಾಕೆಂದರೆ ಭಾವಮೈದ ಅಂದರೆ ಅವರಿಗೆ ಇಷ್ಟವೇ. ಅವನು ಬಂದರೆ ಮನೆಯ ನಲ್ಲಿ, ಗಡಿಯಾರ, ಬಾಗಿಲ ಕೀಲು ಎಲ್ಲ ಕಿರುಗುಟ್ಟುವುದನ್ನು ನಿಲ್ಲಿಸುತ್ತಿದ್ದವು. ಆದರೆ ಬಾಕಿ ಬಾಕಿಯೇ ಎಂದುಕೊಂಡು ಟೊಪ್ಪಿ ಹಾಕಿಕೊಂಡು ಹೊರಟರು.

ಆ ಭಾನುವಾರ ಸಂಜೆ ಇನ್ನೊಂದು ವಿಶೇಷವೂ ಇತ್ತು. ಗೋದಾಮು ನೌಕರರ ಸಹಾಯ ನಿಧಿಗೆ ಸಾಹೇಬರನ್ನು ಖಜಾಂಚಿ ಮಾಡಲು ಎಲ್ಲರೂ ಒಪ್ಪಿದ್ದರು. ಖಜಾಂಚಿ ಅಂದ ಮೇಲೆ ಕೋಟು ಬೇಡವೇ? ಮನೆಯಲ್ಲಿ ಇದ್ದದ್ದು ಒಂದೇ ಕೋಟು, ಮದುವೆಯದು. ಇಪ್ಪತ್ನಾಲ್ಕು ವರ್ಷದಲ್ಲಿ ಸಾಹೇಬರು ಎಲ್ಲ ದಿಕ್ಕಿಗೂ ಬೆಳೆದಿದ್ದರು. ಕೋಟು ಮಾತ್ರ ಇದ್ದಲ್ಲೇ ಇತ್ತು. ಸಂಜೆ ಎದುರುಮನೆಯ ಟೀಚರಮ್ಮನನ್ನು ಕರೆಸಿದರು. ಅವರು ನಿವೃತ್ತಿಯಾದ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು, ಪಾಠ ಮಾಡುವ ಚಟವನ್ನು ಬಿಟ್ಟಿರಲಿಲ್ಲ.

"ಉಸಿರು ಬಿಡಿ" ಎಂದರು ಟೀಚರಮ್ಮ.

"ಬಿಟ್ಟಾಗಿದೆ" ಎಂದರು ಸಾಹೇಬರು, ಉಸಿರಿಲ್ಲದೆ.

ಟೀಚರಮ್ಮ ಕೋಟು ಬಿಚ್ಚಿಸಿ, ಎಲ್ಲಿ ಹಿಗ್ಗಿಸಬಹುದು ಎಂದು ಹುಡುಕುತ್ತ ಕಾಲರು ಎತ್ತಿದರು. ಎತ್ತಿದವರು ಹಾಗೇ ನಿಂತರು. ಕನ್ನಡಕ ಮೇಲೆ ಸರಿಸಿದರು, ಕೆಳಗೆ ಸರಿಸಿದರು. ಕಾಲರಿನ ಕೆಳಗೆ, ಕಪ್ಪು ಬಟ್ಟೆಯ ಮೇಲೆ, ಪುಟ್ಟದಾಗಿ ಮೂರು ಕೆಂಪು ಹೊಲಿಗೆ.

"ಇದು ಹಳೇ ಮೂಲೆ ಅಂಗಡಿ ಟೈಲರದಲ್ವಾ?"

"ಹೌದು. ಯಾಕೆ?"

"ನಿಮಗೆ ಗೊತ್ತಿಲ್ವಾ? ಆತನಿಗೆ ಓದು ಬರಹ ಬರ್ತಿರಲಿಲ್ಲ. ಪುಸ್ತಕ ಇಡೋ ಹಾಗಿಲ್ಲ. ಅದಕ್ಕೆ ಯಾರಿಗೆ ಉದ್ದರಿ ಕೊಟ್ಟರೂ ಕಾಲರ್ ಕೆಳಗೆ ಮೂರು ಕೆಂಪು ಹೊಲಿಗೆ ಹಾಕಿಬಿಡೋನು. ದುಡ್ಡು ಬಂದ ದಿನ ಎದುರಿಗೇ ಕೂರಿಸಿ ಕತ್ತರಿಸೋನು. ಆಗಿನ ಕಾಲದಲ್ಲಿ ಈ ಬೀದಿಯವರೆಲ್ಲ ಕಾಲರ್ ಕೆಳಗೆ ಮಾಡ್ಕೊಂಡೇ ಓಡಾಡ್ತಿದ್ರು." ಟೀಚರಮ್ಮ ಸಾಹೇಬರ ಮುಖ ನೋಡಿ ಧ್ವನಿ ತಗ್ಗಿಸಿದರು. "ನೀವು ಮದುವೆ ಆದ ಮೇಲೆ ಈ ಕಡೆ ಬಂದವರು. ನಿಮಗೆ ಹೇಗೆ ಗೊತ್ತಾಗಬೇಕು, ಪಾಪ."

ಆ 'ಪಾಪ' ಚುಕ್ತಾ ಸಾಹೇಬರಿಗೆ ಜೀವಮಾನದಲ್ಲಿ ಸಿಕ್ಕ ಮೊದಲನೆಯ ಪಾಪ. ಕೋಟಿನ ಖರ್ಚು ನಂದು ಎಂದು ಅವತ್ತು ಅಣ್ಣ ಹೇಳಿದ್ದು ನೆನಪಾಗಿ ಕೂಡಲೇ ಅವನಿಗೆ ಫೋನು ಮಾಡಿದರು.

"ಅಣ್ಣ, ನನ್ನ ಮದುವೆ ಕೋಟಿನ ಹೊಲಿಗೆ ದುಡ್ಡು ಕೊಟ್ಟಿದ್ದೆ ತಾನೇ?"

"ಯಾವ ಕೋಟು?"

"ನನಗಿರೋದೇ ಒಂದು ಕೋಟು."

"ನಾನು ಕೊಡ್ತೀನಿ ಅಂದಿದ್ದೆ, ನಿಜ. ಆಮೇಲೆ ನೀನು ಕೋಟು ಹಾಕ್ಕೊಂಡು ಬಂದೆಯಲ್ಲ. ದುಡ್ಡು ಕೊಡದೆ ಹಾಕ್ಕೊಳ್ಳೋ ಜಾತಿ ನಿಂದಲ್ಲ, ನೀನೇ ಕೊಟ್ಟಿರ್ತೀಯ ಅಂದ್ಕೊಂಡೆ."

"ನೀನು ಕೊಟ್ಟಿರ್ತೀಯ ಅಂತ ನಾನು ಹಾಕ್ಕೊಂಡೆ."

"ನೋಡಿದ್ಯಾ" ಎಂದ ಅಣ್ಣ, "ನಮ್ಮಿಬ್ಬರಿಗೆ ಒಬ್ಬರ ಮೇಲೊಬ್ಬರಿಗೆ ಎಷ್ಟು ನಂಬಿಕೆ."

ಟೀಚರಮ್ಮ ಹೊರಡುವಾಗ, "ನಾನಂತೂ ಯಾರಿಗೂ ಹೇಳೋದಿಲ್ಲ" ಎಂದು ಕೇಳದೆಯೇ ಮಾತು ಕೊಟ್ಟರು. ಮಾತಿಗೆ ತಪ್ಪಲೂ ಇಲ್ಲ. ಪೇಪರಿನವನಿಗೆ ಮಾತ್ರ ಹೇಳಿದರು, ಅದೂ ಅವನ ಹೊಲಿಗೆಯ ಬಾಕಿಯನ್ನು ನೆನಪಿಸುವ ಸಂದರ್ಭ ಬಂದಿತ್ತು ಅಂತ. ಪೇಪರಿನವನು ಬೆಳಿಗ್ಗೆ ನೂರಾಹತ್ತು ಮನೆಗೆ ಹೋಗುವವನು.

ಶುಕ್ರವಾರ ಬೆಳಿಗ್ಗೆ ಚಹಾದಂಗಡಿಯಲ್ಲಿ ಸಾಹೇಬರು ಎಂದಿನಂತೆ ನಾಣ್ಯ ಮುಂದೆ ತಳ್ಳಿದರು. ಅಂಗಡಿಯವನು ಅದನ್ನು ಅಷ್ಟೇ ಮೃದುವಾಗಿ ಹಿಂದಕ್ಕೆ ತಳ್ಳಿದ.

"ಇಟ್ಕೊಳ್ಳಿ ಸಾಹೇಬ್ರೆ. ಕಷ್ಟ ಯಾರಿಗೆ ಬರೋದಿಲ್ಲ."

"ನನಗೇನೂ ಕಷ್ಟ ಇಲ್ಲ. ಚುಕ್ತಾ."

"ಮರ್ಯಾದಸ್ಥರು ಹಾಗೇ ಹೇಳೋದು" ಎಂದು ಅಂಗಡಿಯವನು ಪಕ್ಕದವರಿಗೆ ಹೇಳಿದ. ಪಕ್ಕದವರು ತಲೆದೂಗಿ, ಸಾಹೇಬರ ಲೋಟದ ಪಕ್ಕ ಒಂದು ಬಿಸ್ಕತ್ತು ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೆಳೆದು ದೊಡ್ಡದಾಗಿತ್ತು. ಒಂದು ಕೋಟಿನ ಬಾಕಿ ಎಂದು ಯಾರಿಗೂ ಹೇಳಲು ಮನಸ್ಸು ಬರಲಿಲ್ಲ, ಅಷ್ಟು ಸಣ್ಣ ಮಾತನ್ನು ಹಿಡಿದು ಬಿಸಿಲಲ್ಲಿ ನಿಲ್ಲುವವರು ಯಾರು? ಲಾರಿ ಡ್ರೈವರು ಕೇಳಿದ್ದು ಸಾಹೇಬರ ಮನೆ ಅಡವಿಟ್ಟಿದೆ ಎಂದು. ಕಾವಲುಗಾರ ಕೇಳಿದ್ದು ಹೆಂಡತಿಯ ಬಳೆ ಹೋಯಿತು ಎಂದು. ಕಚೇರಿಯ ಟೈಪಿಸ್ಟ್ ಅಂತೂ ಕಣ್ಣೊರೆಸಿಕೊಂಡು, "ಇಷ್ಟು ವರ್ಷ ಆ ಚುಕ್ತಾ ಚುಕ್ತಾ ಅನ್ನೋದೆಲ್ಲ ನಾಟಕ, ಒಳಗೆ ಮನುಷ್ಯ ಮುಳುಗಿ ಹೋಗಿದಾನೆ" ಎಂದಳು. ಅತ್ತ ಕ್ಷೌರಿಕ ಓಡೋಡಿ ಬಂದು, ಎಂಟು ವರ್ಷದ ಹಿಂದೆ ಕರೆಂಟು ಹೋಗಿ ಅರ್ಧಕ್ಕೆ ನಿಂತ ಒಂದು ಗಡ್ಡದ ಹಣ ಬಂದಿತ್ತೋ ಇಲ್ಲವೋ ಎಂದು ಕೇಳಿದ. ಬಂದಿತ್ತು. ಅರ್ಧ ಗಡ್ಡಕ್ಕೆ ಅರ್ಧ ಹಣ, ಉಳಿದರ್ಧ ಮಾರನೆಯ ಬೆಳಿಗ್ಗೆ, ತಾರೀಖು ಸಮೇತ ಸಾಹೇಬರು ಹೇಳಿದರು. ಅವನು ನಂಬಿದ ಹಾಗೆ ಮಾಡಿ ಹೋದ.

ಊಟದ ಬಿಡುವಿನಲ್ಲಿ ಸಾಹೇಬರು ಹಳೆಯ ಮೂಲೆ ಅಂಗಡಿಗೆ ಓಡಿದರು. ಅಲ್ಲಿ ಈಗ ಮೊಬೈಲ್ ರಿಪೇರಿ. ಪಕ್ಕದ ಬೀಗದ ಅಂಗಡಿಯವನು ಹೇಳಿದ, "ಟೈಲರಾ? ಬಸ್ ನಿಲ್ದಾಣದ ಹಿಂದೆ ಹೋಗಿ ಹದಿನೈದು ವರ್ಷ ಆಯ್ತು. ಮಗಳು ನೋಡ್ಕೋತಾಳೆ. ಮುದುಕ ಶನಿವಾರ ಮಾತ್ರ ಬರ್ತಾನೆ. ಯಾಕೆ, ಬಾಕಿನಾ?" ಸಾಹೇಬರು ಉತ್ತರ ಕೊಡದೆ ಬಂದರು. ಉತ್ತರ ಕೊಡದಿದ್ದದ್ದೇ ಉತ್ತರವಾಯಿತು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಹತ್ತು ಕಿಲೋ ಹಿಟ್ಟಿನ ಮೂಟೆ. (ಒಂಬತ್ತು ಮುಕ್ಕಾಲು ಎಂದು ಸಾಹೇಬರ ಕಣ್ಣು ಆ ದುಃಖದಲ್ಲೂ ತಿದ್ದಿತು.) ಅದರ ಪಕ್ಕ ಒಂದು ಬುಟ್ಟಿ ಮೊಟ್ಟೆ, ಒಂದು ಪೊಟ್ಟಣ ಸಕ್ಕರೆ, ಯಾರದ್ದೋ ಹಳೆಯ ಸ್ವೆಟರ್. ಯಾರೂ ಹೆಸರು ಬರೆದಿರಲಿಲ್ಲ. ಹೆಸರಿಲ್ಲದ ಮೇಲೆ ಯಾರಿಗೆ ಹಿಂದಿರುಗಿಸುವುದು? ಸಾಹೇಬರು ಸ್ವೆಟರ್ ಹಿಡಿದುಕೊಂಡು ಬೀದಿಯ ಎಂಟು ಮನೆಯ ಬಾಗಿಲು ತಟ್ಟಿದರು. ಏಳು ಮನೆಯವರು ಸ್ವೆಟರ್ ನಮ್ಮದಲ್ಲ ಎಂದರು. ಎಂಟನೆಯವರು, ಇವರು ಮಾರಲು ಬಂದಿದ್ದಾರೆ ಎಂದು ತಿಳಿದು, ಸಂಕೋಚದಿಂದ ದುಡ್ಡು ಕೊಟ್ಟು ಬಾಗಿಲು ಹಾಕಿಕೊಂಡರು. ಎರಡು ದಿನದ ಹಿಂದೆ ಯಾರಿಗೂ ಏನೂ ಕೊಡಬೇಕಿಲ್ಲದ ಮನುಷ್ಯ, ಈಗ ಇಡೀ ಬೀದಿಗೆ ಋಣಿ.

ಅದರ ಮೇಲೆ ನಿಧಿಯ ಅಧ್ಯಕ್ಷರು ಬಂದರು. ಅವರು ಗೋದಾಮಿನ ಮೇಲ್ವಿಚಾರಕರು, ಕೆಟ್ಟ ಸುದ್ದಿಯನ್ನು ಕುರ್ಚಿಯ ಅಂಚಿನಲ್ಲಿ ಕೂತು ಹೇಳುವ ಜನ.

"ತಪ್ಪು ತಿಳ್ಕೋಬೇಡಿ. ಖಜಾಂಚಿ ಆಗೋನು ಎಲ್ಲರ ಮುಂದೆ ನಿಂತು ತನ್ನ ಬಾಕಿ ಏನಿದೆ ಅಂತ ಹೇಳ್ಬೇಕು, ಅದು ನಮ್ಮ ನಿಯಮ. ನಿಮ್ಮ ಬಗ್ಗೆ ಜನ ಏನೇನೋ ಮಾತಾಡ್ತಿದಾರೆ. ಭಾನುವಾರದೊಳಗೆ ಏನಾದ್ರೂ ಇತ್ಯರ್ಥ ಮಾಡ್ಕೊಳ್ಳಿ." ಎದ್ದವರು ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದರು, "ಮೊಟ್ಟೆ ಸಿಕ್ತಾ?"

ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು. ಹೆಂಡತಿ ಬಂದು ಎದುರಿಗೆ ಕೂತಳು. ನಗುತ್ತಾಳೇನೋ ಎಂದು ಹೆದರಿದರು, ನಗಲಿಲ್ಲ.

"ಹೇಗಿದೆ?" ಎಂದು ಕೇಳಿದಳು.

"ಏನು ಹೇಗಿದೆ?"

"ಊರಿಗೆಲ್ಲ ಗೊತ್ತಾಗೋ ಹಾಗೆ ಬಾಕಿ ಇರೋದು."

ಸಾಹೇಬರಿಗೆ ಆ ಮಾತಿನ ತೂಕ ಕೂಡಲೇ ಗೊತ್ತಾಯಿತು. ಅದು ಅವರ ಕಸುಬು. ಎದ್ದು, ಪೆಟ್ಟಿಗೆಯಿಂದ ದುಡ್ಡು ತೆಗೆದು ಎಣಿಸತೊಡಗಿದರು.

ಶನಿವಾರ ಬಸ್ ನಿಲ್ದಾಣದ ಹಿಂದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಾಹೇಬರು ಕೋಟು ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿ ನಿಂತಿದ್ದರು. ಟೈಲರನ ಮಗಳು ಯಂತ್ರದ ಮುಂದೆ ಕೂತಳು. ಮುದುಕ ಟೈಲರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಕಣ್ಣು ಪೂರ್ತಿ ಮಂಜಾಗಿತ್ತು.

"ಯಜಮಾನರೇ, ಇಪ್ಪತ್ನಾಲ್ಕು ವರ್ಷದ ಹಿಂದೆ ನೀವು ಹೊಲಿದ ಮದುವೆ ಕೋಟು. ದುಡ್ಡು ಬಾಕಿ ಇದೆ. ಬಡ್ಡಿ ಸೇರಿಸಿ ಕೊಡೋಕೆ ಬಂದಿದೀನಿ. ತಪ್ಪಾಯ್ತು."

"ಎಲ್ಲಿ, ಕೊಡು" ಎಂದು ಮುದುಕ ಕೋಟನ್ನು ತೊಡೆಯ ಮೇಲೆ ಹರಡಿ, ಬೆರಳಲ್ಲಿ ಓದತೊಡಗಿದ. ಹೆಗಲು, ತೋಳು, ಗುಂಡಿ. "ನನ್ನ ಕೈಯೇ. ಎಡಗಡೆ ಜೇಬು ಅರ್ಧ ಅಂಗುಲ ಕೆಳಗೆ ಬಂದಿದೆ, ಅವತ್ತು ಮನಸ್ಸು ಸರಿ ಇರಲಿಲ್ಲ." ಬೆರಳು ಕಾಲರಿನ ಕೆಳಗೆ ಹೋಗಿ ಅಲ್ಲೇ ನಿಂತಿತು. ಮುದುಕನ ಮುಖ ಅರಳಿತು. "ಮಗಳೇ, ಕತ್ತರಿ ತಗೊಂಬಾ. ಸಿಕ್ಕಿತು ಆ ಕೋಟು."

"ದುಡ್ಡು" ಎಂದರು ಸಾಹೇಬರು.

"ಯಾವ ದುಡ್ಡು? ದುಡ್ಡು ಅವತ್ತೇ ಬಂತಲ್ಲ."

ಸಾಹೇಬರು ನೋಟುಗಳನ್ನು ಮುದುಕನ ಕೈಗೆ ಹಿಡಿಸಲು ಹೋದರು.

"ನಿನ್ನ ಮದುವೆ ದಿನ ನಾನು ಗೇಟಲ್ಲಿ ನಿಂತಿದ್ದೆ" ಎಂದ ಮುದುಕ. "ಶುಭ ಕಾರ್ಯಕ್ಕೆ ಹೋಗಿ ದುಡ್ಡು ಕೇಳೋ ಮನುಷ್ಯ ಅಲ್ಲ ನಾನು. ಈ ಮಗಳಿಗೆ ವಿಪರೀತ ಜ್ವರ, ಔಷಧಿಗೆ ಕಾಸಿಲ್ಲ. ಒಳಗೆ ಹೋಗೋಕೂ ಆಗದೆ ವಾಪಸ್ ಬರೋಕೂ ಆಗದೆ ನಿಂತಿದ್ದೆ. ಮದುಮಗಳ ತಮ್ಮ ಬಂದ. ಉಗುರಲ್ಲೆಲ್ಲ ಎಣ್ಣೆ ಮಸಿ. ಏನು ವಿಷಯ ಅಂತ ಕೇಳ್ದ, ಹೇಳ್ದೆ. ಜೇಬಿಂದ ಸಂಬಳದ ಲಕೋಟೆ ತೆಗೆದ. ಇನ್ನೂ ಒಡೆದೇ ಇರಲಿಲ್ಲ, ಮೊದಲನೇ ಸಂಬಳ ಅಂತೆ. ಅಲ್ಲೇ ಹರಿದು ನೂರ ಎಂಬತ್ತು ಎಣಿಸಿ ಕೊಟ್ಟ. 'ನಮ್ಮ ಭಾವನಿಗೆ ಮಾತ್ರ ಗೊತ್ತಾಗಬಾರದು, ಬಾಕಿ ಅಂದ್ರೆ ಅವರಿಗೆ ಜೀವ ಹೋಗುತ್ತೆ' ಅಂದ."

"ಮತ್ತೆ ದಾರ?"

"ಕೋಟು ನಿನ್ನ ಮೈಮೇಲಿತ್ತು. ನೀನು ಫೋಟೋಕ್ಕೆ ನಿಂತಿದ್ದೆ. ಕತ್ತರಿ ಹಿಡ್ಕೊಂಡು ಮದುಮಗನ ಕತ್ತಿನ ಹತ್ತಿರ ಹೋಗೋಕಾಗುತ್ತಾ? ಆಮೇಲೆ ಬರ್ತಾನೆ ಅಂದ್ಕೊಂಡೆ, ನೀನು ಬರಲೇ ಇಲ್ಲ. ದುಡ್ಡು ತಗೊಂಡು ದಾರ ತೆಗೆಯದೆ ಉಳಿಸಿದ್ದು ಇದೊಂದೇ. ಬಾಕಿ ನಂದು ಕಣಪ್ಪ, ನಿಂದಲ್ಲ." ಮುದುಕ ಮೂರು ಸಲ ಕತ್ತರಿ ಆಡಿಸಿ, ಕೆಂಪು ಚೂರುಗಳನ್ನು ಊದಿ ಹಾರಿಸಿದ.

ಚುಕ್ತಾ ಸಾಹೇಬರಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ನೆಮ್ಮದಿ ಅರ್ಧ ನಿಮಿಷ ಇತ್ತು. ಆಮೇಲೆ ತಲೆಯೊಳಗಿನ ಮುಳ್ಳು ಅಲ್ಲಾಡಿತು. ಟೈಲರು ಪಾರಾದ, ಸರಿ. ಹಾಗಾದರೆ ನೂರ ಎಂಬತ್ತು ಯಾರಿಗೆ ಕೊಡಬೇಕು? ಸೀಮೆಸುಣ್ಣ ತೆಗೆದುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಲೆಕ್ಕ ಹಾಕಿದರು. ನೂರಕ್ಕೆ ತಿಂಗಳಿಗೆ ಒಂದು, ಬಡ್ಡಿಗೂ ಬಡ್ಡಿ, ಇನ್ನೂರ ಎಂಬತ್ತೆಂಟು ತಿಂಗಳು. ಮೂರು ಸಾವಿರದ ನೂರ ಅರವತ್ತೊಂದು. ಅದರಲ್ಲಿ ಭಾವಮೈದ ಕೊಡಬೇಕಾದ ಎರಡು ಸಾವಿರದ ಎಂಟುನೂರ ಅರವತ್ತೊಂದೂವರೆ ಕಳೆದರು. ಮತ್ತೆ ಕಳೆದರು. ಎಷ್ಟು ಸಲ ಕಳೆದರೂ ಉತ್ತರ ಒಂದೇ.

ಟೈಲರನ ಮಗಳು ಇಣುಕಿ ನೋಡಿದಳು. "ಅಂದ್ರೆ ಅವರು ನಿಮಗಲ್ಲ, ನೀವೇ ಅವರಿಗೆ ಕೊಡ್ಬೇಕಾ?"

"ಇನ್ನೂರ ತೊಂಬತ್ತೊಂಬತ್ತೂವರೆ" ಎಂದರು ಸಾಹೇಬರು. ಬರೆದ ಮೂವತ್ತಾರು ಕಾರ್ಡೂ ನೆನಪಾಗಿ ಅವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂರು ವರ್ಷ, ಅವನದೇ ದುಡ್ಡಿನ ಕೋಟನ್ನು ಬೀರುವಿನಲ್ಲಿ ಇಟ್ಟುಕೊಂಡು, ಅವನಿಗೇ ಬಡ್ಡಿ ಹೇಳಿದ್ದರು.

ಭಾವಮೈದನ ಮನೆ ಮುಂದೆ ಸಾಮಾನಿನ ಲಾರಿ ನಿಂತಿತ್ತು. ಭಾವ ಬೀದಿಯ ತಿರುವಿನಲ್ಲಿ, ಅದೂ ಕಂಕುಳಲ್ಲಿ ಏನನ್ನೋ ಇಟ್ಟುಕೊಂಡು ದಾಪುಗಾಲು ಹಾಕುತ್ತ ಬರುವುದನ್ನು ಕಂಡು ಒಳಗೆ ಗಡಿಬಿಡಿಯಾಯಿತು. ಸಾಹೇಬರು ಮೆಟ್ಟಿಲು ಹತ್ತುವಷ್ಟರಲ್ಲಿ ಭಾವಮೈದನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅವರು ಮನೇಲಿಲ್ಲ. ಟಿಕೆಟ್ ತರೋಕೆ ಹೋಗಿದಾರೆ. ಬರೋದು ರಾತ್ರಿ ಆಗುತ್ತೆ. ನಾಳೆನೂ ಆಗಬಹುದು."

ಅವಳ ಹಿಂದೆ ಇಬ್ಬರು ಕೂಲಿಯವರು ಒಂದು ಮರದ ಬೀರುವನ್ನು ಎತ್ತಿಕೊಂಡು ಹೊರಬಂದರು. ಸಾಹೇಬರು ಸುಮ್ಮನಿರಬಹುದಿತ್ತು. ಆದರೆ ಇಪ್ಪತ್ತಾರು ವರ್ಷದ ಕಸುಬು ಸುಮ್ಮನಿರಗೊಡಲಿಲ್ಲ.

"ನಿಲ್ಸಿ. ಇದು ಖಾಲಿ ಇದ್ರೆ ನಲವತ್ತು ಕಿಲೋ. ನಿಮ್ಮ ಮೊಣಕಾಲು ನೂರ ಹನ್ನೆರಡು ಅಂತಿದೆ."

"ನಾವೂ ಅದೇ ಹೇಳ್ತಿದ್ವಿ" ಎಂದ ಮುಂದಿನ ಕೂಲಿ. "ಬೆಳಿಗ್ಗೆ ಅಲ್ಲಾಡಿಸಿದಾಗ ಹಗುರ ಇತ್ತು."

"ಬಟ್ಟೆ ಇದೆ" ಎಂದಳು ಭಾವಮೈದನ ಹೆಂಡತಿ.

ಬಟ್ಟೆ ಕೆಮ್ಮಿತು.

ಎಲ್ಲರೂ ಬೀರುವನ್ನು ನೋಡಿದರು. ಕೂಲಿಯವರು ಅದನ್ನು ಬಹಳ ಮರ್ಯಾದೆಯಿಂದ ಕೆಳಗಿಳಿಸಿದರು. ಸಾಹೇಬರು ಅದರ ಮುಂದೆ ಮಂಡಿಯೂರಿ, ಬಾಗಿಲ ಸಂದಿಗೆ ಬಾಯಿಟ್ಟು, "ಭಾವಮೈದ, ನಾನು ವಸೂಲಿಗೆ ಬಂದಿಲ್ಲ. ಕೊಡೋಕೆ ಬಂದಿದೀನಿ" ಎಂದರು.

ಬೀರು ನಂಬಲಿಲ್ಲ.

ಸಾಹೇಬರು ನೂರರ ಒಂದು ನೋಟನ್ನು ಸಂದಿಯಲ್ಲಿ ತೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ನೋಟು ಹೊರಗೆ ಬಂತು. ಮತ್ತೆ ತೂರಿಸಿದರು, ಮತ್ತೆ ಬಂತು. ಬೀದಿಯವರು ಸೇರತೊಡಗಿದರು. ಕೊನೆಗೆ ಸಾಹೇಬರು ಕೋಟಿನ ಕಾಲರನ್ನೇ ಮಗುಚಿ ಸಂದಿಯಲ್ಲಿ ತುರುಕಿ, "ಬೆರಳಾಡಿಸಿ ನೋಡು. ಮೂರು ತೂತು ಸಿಗುತ್ತೆ. ಟೈಲರ್ ಎಲ್ಲ ಹೇಳ್ದ" ಎಂದರು.

ಒಳಗೆ ಬೆರಳು ಆಡುವುದು ಕೇಳಿಸಿತು. ಆಮೇಲೆ ಬಾಗಿಲು ತೆರೆಯಿತು. ನಲವತ್ತಮೂರು ವರ್ಷದ ಮನುಷ್ಯ, ಮೊಣಕಾಲು ಅಪ್ಪಿಕೊಂಡು ಕೂತಿದ್ದ. ತಲೆಯ ಮೇಲೆ ನುಸಿಗುಳಿಗೆ.

"ಯಾಕೋ ಅವತ್ತೇ ಹೇಳ್ಲಿಲ್ಲ?" ಎಂದರು ಸಾಹೇಬರು.

"ಹೇಳಿದ್ರೆ ಅಲ್ಲೇ ಕೋಟು ಬಿಚ್ಚಿ ಕೊಟ್ಬಿಡ್ತಿದ್ರಿ. ಅಕ್ಕನ ಮದುವೆ ಫೋಟೋ ಕೆಡ್ತಿತ್ತು."

"ಹೋಗಲಿ, ಕಾರ್ಡು ಬಂದಾಗ? ಮೂವತ್ತಾರು ಕಾರ್ಡು ಬರೆದ್ನಲ್ಲೋ."

"ಸಿಟ್ಟು ಬಂದಿತ್ತು. ಇಲ್ಲ ಅನ್ನೋದಿಲ್ಲ." ಭಾವಮೈದ ಬೀರುವಿನೊಳಗಿಂದಲೇ ಹೇಳಿದ. "ಆದ್ರೆ ಅದು ಅಕ್ಕನಿಗೆ ನನ್ನ ಮೊದಲನೇ ಸಂಬಳದ ಉಡುಗೊರೆ. ಉಡುಗೊರೆನ ಲೆಕ್ಕಕ್ಕೆ ಹಿಡಿಯೋದು ಹೇಗೆ ಭಾವ?"

ಚುಕ್ತಾ ಸಾಹೇಬರು ಕೈ ಕೊಟ್ಟು ಅವನನ್ನು ಎಬ್ಬಿಸಿದರು. ಎಪ್ಪತ್ತೆರಡು ಕಿಲೋ, ಸರಿಯಾಗಿಯೇ ಹೇಳಿದ್ದರು. "ನಾಳೆ ಊಟಕ್ಕೆ ಬಾ. ಅಕ್ಕ ಕಾಯ್ತಾಳೆ. ನಾನೂ ಕಾಯ್ತೀನಿ" ಎಂದರು.

ಭಾನುವಾರ ಊಟ ಭರ್ಜರಿಯಾಗಿತ್ತು. ಬೀದಿಯ ಹಿಟ್ಟು, ಬೀದಿಯ ಮೊಟ್ಟೆ, ಬೀದಿಯ ಸಕ್ಕರೆ ಎಲ್ಲ ಅಡುಗೆಯಾಗಿತ್ತು, ಹಿಂದಿರುಗಿಸಲು ವಿಳಾಸವಿಲ್ಲದ್ದನ್ನು ಮತ್ತೇನು ಮಾಡುವುದು? ಹೆಂಡತಿ ತಮ್ಮನ ಎದುರು ಕೂತು ಅವನು ತಿನ್ನುವುದನ್ನೇ ನೋಡುತ್ತಿದ್ದಳು. ತಮ್ಮ ಬಂದ ಹತ್ತು ನಿಮಿಷದಲ್ಲಿ ನಲ್ಲಿ ಸರಿಯಾಗಿತ್ತು, ಮೂರು ವರ್ಷದಿಂದ ನಿಂತಿದ್ದ ಗಡಿಯಾರ ಓಡುತ್ತಿತ್ತು. ಊಟವಾದ ಮೇಲೆ ಸಾಹೇಬರು ಇನ್ನೂರ ತೊಂಬತ್ತೊಂಬತ್ತೂವರೆಯನ್ನು ಎಣಿಸಿ ಮೇಜಿನ ಮೇಲಿಟ್ಟು, ಒಂದೇ ಬೆರಳಿನಿಂದ ಮುಂದಕ್ಕೆ ತಳ್ಳಿದರು.

"ಬೇಡ ಭಾವ."

"ಬೇಡ ಅನ್ನೋ ಹಾಗಿಲ್ಲ."

"ನಾನು ತಗೊಳ್ಳೋದಿಲ್ಲ."

"ನಾನು ಬಿಡೋದಿಲ್ಲ."

ದುಡ್ಡು ಮೇಜಿನ ಮೇಲೆ ನಾಲ್ಕು ಸಲ ಆ ಕಡೆ, ನಾಲ್ಕು ಸಲ ಈ ಕಡೆ ಓಡಾಡಿತು. ಐದನೆಯ ಸಲ ಹೆಂಡತಿ ಅದರ ಮೇಲೆ ಕೈ ಇಟ್ಟಳು.

"ಇಬ್ಬರೂ ಸುಮ್ನಿರಿ. ಇದು ಬಾಕಿ ಇರಲಿ. ಚುಕ್ತಾ ಮಾಡಿಬಿಟ್ರೆ ಇವನು ಬಂದರಲ್ಲಿ ಕೂತು ನಮ್ಮನ್ನ ಮರೀತಾನೆ. ಬಾಕಿ ಇದ್ರೆ ವಸೂಲಿಗಾದ್ರೂ ಬರ್ತಾನೆ."

ಸಾಹೇಬರು ಹೆಂಡತಿಯ ಮುಖ ನೋಡಿ ದುಡ್ಡನ್ನು ಜೇಬಿಗೆ ಹಾಕಿಕೊಂಡರು.

ಸಂಜೆ ನಿಧಿಯ ಸಭೆಗೆ ಅವರು ಕೋಟು ಹಾಕಿಕೊಂಡೇ ಹೋದರು. ಟೀಚರಮ್ಮ ಎರಡೂ ಪಕ್ಕ ಬಿಚ್ಚಿ ಹಿಗ್ಗಿಸಿದ್ದರಿಂದ ಉಸಿರಾಡಬಹುದಾಗಿತ್ತು. ಅಧ್ಯಕ್ಷರು ಕೆಮ್ಮಿ, ನಿಯಮದ ಪ್ರಕಾರ ಬಾಕಿ ಏನಾದರೂ ಇದೆಯೇ ಎಂದು ಕೇಳಿದರು.

"ಇದೆ" ಎಂದರು ಚುಕ್ತಾ ಸಾಹೇಬರು. "ಭಾವಮೈದನಿಗೆ ಇನ್ನೂರ ತೊಂಬತ್ತೊಂಬತ್ತೂವರೆ. ದುಡ್ಡು ಜೇಬಲ್ಲೇ ಇದೆ. ಸದ್ಯಕ್ಕೆ ಕೊಡೋ ವಿಚಾರ ಇಲ್ಲ. ಮನೆಯವರ ಅಪ್ಪಣೆ." ಕಾಲರು ಎತ್ತಿ ಎಲ್ಲರಿಗೂ ತೋರಿಸಿದರು. ಅಲ್ಲಿ ಹೆಂಡತಿ ಮಧ್ಯಾಹ್ನವಷ್ಟೇ ಹಾಕಿದ ಮೂರು ಕೆಂಪು ಹೊಲಿಗೆ ಇತ್ತು, ಒಂದು ಸ್ವಲ್ಪ ಸೊಟ್ಟ. ಮನೆ ಅಡವಿಟ್ಟಿಲ್ಲ, ಬಳೆ ಹೋಗಿಲ್ಲ, ಬಾಕಿ ಇಷ್ಟೇ ಎಂದು ತಿಳಿದು ಸಭೆಗೆ ನಿರಾಳವಾಯಿತು, ಟೈಪಿಸ್ಟ್‌ಗೆ ಮಾತ್ರ ಸ್ವಲ್ಪ ನಿರಾಸೆಯಾಯಿತು. ಒಬ್ಬರೂ ವಿರೋಧಿಸದೆ ಸಾಹೇಬರು ಖಜಾಂಚಿಯಾದರು.

ಮುಂದಿನ ತಿಂಗಳು ಬಂದರಿನಿಂದ ಒಂದು ಅಂಚೆ ಕಾರ್ಡು ಬಂತು. ಅಂಚೆಯವನು ಅದನ್ನು ಗೇಟಿನಿಂದಲೇ, ಬೀದಿಗೆಲ್ಲ ಕೇಳುವಂತೆ ಓದಿದ. "ಭಾವನವರಿಗೆ. ನೂರಕ್ಕೆ ತಿಂಗಳಿಗೆ ಒಂದು, ಬಡ್ಡಿಗೂ ಬಡ್ಡಿ. ಇಂದಿನ ಬಾಕಿ ಮುನ್ನೂರೆರಡೂವರೆ. ಇಲ್ಲಿ ಎಲ್ಲರೂ ಕ್ಷೇಮ."

ಸಾಹೇಬರು ಕಾರ್ಡು ತೆಗೆದುಕೊಂಡು ಮನಸ್ಸಿನಲ್ಲೇ ಗುಣಿಸಿ ನೋಡಿದರು. ಸರಿಯಾಗಿತ್ತು. ಹೆಂಡತಿಗೆ ಕೊಟ್ಟರು. ಅವಳು ಎರಡು ಸಲ ಓದಿ, ಗಡಿಯಾರದ ಹಿಂದೆ ಸಿಕ್ಕಿಸಿ, "ಯಾವಾಗ ಕೊಡ್ತೀರಂತೆ?" ಎಂದು ಕೇಳಿದಳು.

"ಕೊಡೋಣ" ಎಂದರು ಚುಕ್ತಾ ಸಾಹೇಬರು, ಕುರ್ಚಿಗೆ ಒರಗಿ ಕಾಲು ಚಾಚುತ್ತ. "ಅವಸರ ಏನಿದೆ."